ಫುಟ್‌ಬಾಲ್ ಜೆರ್ಸಿ ಹಾಕಿಕೊಂಡೇ ಸೈಕಲ್ ತುಳಿಯಬಹುದಾ?

ಬೀರುವಿನಲ್ಲಿ ನಾಲ್ಕೈದು ಕ್ಲಬ್ ಜೆರ್ಸಿಗಳಿವೆ, ವಾರಾಂತ್ಯದಲ್ಲಿ 30–40 ಕಿ.ಮೀ. ಸೈಕಲ್ ತುಳಿಯುತ್ತೇನೆ, ಇದಕ್ಕೆ ಸೈಕ್ಲಿಂಗ್ ಜೆರ್ಸಿಯೇ ಬೇಕಾ, ಇವೇ ನಡೆಯುತ್ತವಾ ಎಂದು ಕೇಳಿದ್ದೀರಿ. ನಡೆಯುತ್ತವೆ. ಎರಡು ಗಂಟೆಯೊಳಗಿನ ಸವಾರಿಗೆ ಧಾರಾಳವಾಗಿ ನಡೆಯುತ್ತವೆ. ಕೈಯಲ್ಲಿ ದುಡ್ಡಿದ್ದರೆ ಅದನ್ನು ಮೊದಲು ಪ್ಯಾಡ್ ಇರುವ ಶಾರ್ಟ್ಸ್‌ಗೆ ಹಾಕಿ. ಸೈಕಲ್ ಮೇಲೆ ಮೊದಲು ಗೋಳಾಡುವುದು ಕೂರುವ ಜಾಗ, ಎದೆಯೂ ಅಲ್ಲ, ಬೆನ್ನೂ ಅಲ್ಲ.

ಬಟ್ಟೆಯ ಮಟ್ಟಿಗೆ ಎರಡೂ ಅಣ್ಣತಮ್ಮಂದಿರೇ. ಈಗಿನ ಫುಟ್‌ಬಾಲ್ ಜೆರ್ಸಿ ಬಹುತೇಕ ಪೂರ್ತಿ ಪಾಲಿಯೆಸ್ಟರ್. ಸೈಕ್ಲಿಂಗ್ ಜೆರ್ಸಿಯೂ ಹೆಚ್ಚುಕಡಿಮೆ ಅದೇ, ಜೊತೆಗೆ ಹಿಗ್ಗಲು ಒಂದಿಷ್ಟು ಎಲಾಸ್ಟೇನ್. ಪಾಲಿಯೆಸ್ಟರ್ ಎಳೆ ನೀರನ್ನು ಒಳಕ್ಕೆ ಹೀರುವುದು ತೀರಾ ಕಡಿಮೆ. ಬೆವರು ಎಳೆಗಳ ಸಂದಿಯಲ್ಲಿ ಹರಡಿ ಹೊರಮೈಗೆ ಬಂದು ಗಾಳಿಗೆ ಆರುತ್ತದೆ. ಹತ್ತಿ ಹಾಗಲ್ಲ, ಬೆವರು ಕುಡಿದು ಮೈಗೆ ಅಂಟಿಕೊಂಡೇ ಇರುತ್ತದೆ. ಏರು ಮುಗಿದು ಇಳಿಜಾರು ಬಂದು ಗಾಳಿ ಬಡಿದಾಗ ನಡುಕ ಹುಟ್ಟಿಸುತ್ತದೆ. ನಿಮ್ಮದು ಹೇಗಿದೆ ಎಂದು ನೋಡಬೇಕಾದರೆ ಜೆರ್ಸಿಯನ್ನು ಒಳಮಗ್ಗುಲು ಮಾಡಿ ಹಾಸಿ, ಒಂದು ಹನಿ ನೀರು ಬಿಡಿ. ಕೆಲವೇ ಸೆಕೆಂಡಿನಲ್ಲಿ ಹನಿ ಚಪ್ಪಟೆಯಾಗಿ ಅಂಗಿ ಗುಂಡಿಯ ಅಗಲಕ್ಕೆ ಹರಡಿದರೆ ಸೈ. ಮುತ್ತಿನ ಹಾಗೆ ಗುಂಡಗೆ ನಿಂತೇಬಿಟ್ಟರೆ ಆ ಬಟ್ಟೆ ಬೆವರನ್ನು ಎಳೆಯುವುದಿಲ್ಲ. 1990ರ ದಶಕದ ದಪ್ಪ, ಹೊಳಪಿನ, ದೊಗಲೆ ಜೆರ್ಸಿಗಳದ್ದು ಸಾಮಾನ್ಯವಾಗಿ ಇದೇ ಪಾಡು. ಅಂಥದ್ದಿದ್ದರೆ ಸೈಕಲ್ ಮೇಲೆ ಹಾಳುಮಾಡಬೇಡಿ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ.

ವ್ಯತ್ಯಾಸವಿರುವುದು ಕತ್ತರಿಸುವ ರೀತಿಯಲ್ಲಿ. ಫುಟ್‌ಬಾಲ್ ಜೆರ್ಸಿ ನೆಟ್ಟಗೆ ನಿಂತು ಓಡುವವರಿಗಾಗಿ ಹೊಲಿದದ್ದು, ಹಿಂದೆ ಮುಂದೆ ಹೆಚ್ಚುಕಡಿಮೆ ಒಂದೇ ಉದ್ದ, ಸೊಂಟದ ಬಳಿ ಸಡಿಲ. ಸೈಕ್ಲಿಂಗ್ ಜೆರ್ಸಿಗೆ ಮುಂಭಾಗ ಗಿಡ್ಡ, ಹಿಂಭಾಗ ಉದ್ದ, ತೋಳು ಮುಂದಕ್ಕೆ ಚಾಚಿದಂತೆ ಹೊಲಿಗೆ, ಕೆಳಅಂಚಿನ ಒಳಗೆ ಜಾರದಂತೆ ಹಿಡಿಯುವ ಸಿಲಿಕೋನ್ ಪಟ್ಟಿ. ನೆಟ್ಟಗೆ ಕೂರುವ ಮಾಮೂಲಿ ಸೈಕಲ್ ಆದರೆ ಇದ್ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಹ್ಯಾಂಡಲ್ ತಗ್ಗಾಗಿರುವ ರೋಡ್ ಬೈಕ್‌ನಲ್ಲಿ ಬಾಗಿ ಕೂತಾಗ ಹಿಂದಿನ ಅಂಚು ಮೇಲಕ್ಕೆ ಸರಿದು ಸೊಂಟದ ಮೇಲೆ ಒಂದು ಪಟ್ಟಿ ಬರಿಮೈ ಕಾಣುತ್ತದೆ. ಬಿಸಿಲಿಗೆ ಸುಡುವುದೂ ಚಳಿಗೆ ಮರಗಟ್ಟುವುದೂ ಅದೇ ಪಟ್ಟಿ. ಮುಂದುಗಡೆ ಬಟ್ಟೆ ಚೀಲದಂತೆ ಜೋತುಬೀಳುತ್ತದೆ. ಎದ್ದು ನಿಂತು ತುಳಿದು ಮತ್ತೆ ಕೂರುವಾಗ, ಇಲ್ಲವೇ ತಟ್ಟನೆ ನಿಲ್ಲಿಸಿ ಕಾಲೂರುವಾಗ, ಈ ಜೋತುಬಿದ್ದ ಅಂಚು ಸೀಟಿನ ಮೂತಿಗೆ ಸಿಕ್ಕಿಕೊಂಡರೆ ಬೀಳುವುದೂ ಉಂಟು.

ಆದ್ದರಿಂದ ಮನೆಯಲ್ಲೇ ಒಮ್ಮೆ ಪರೀಕ್ಷಿಸಿ. ಸೈಕಲ್ಲನ್ನು ಗೋಡೆಗೆ ಒರಗಿಸಿ ಹತ್ತಿ, ಹ್ಯಾಂಡಲ್ಲಿನ ತೀರಾ ತಗ್ಗಿನ ಹಿಡಿ ಹಿಡಿದು ಬಾಗಿ, ನಾಲ್ಕೈದು ಸಲ ಎದ್ದು ಕೂತುನೋಡಿ. ಬಾಗಿದಾಗಲೂ ಹಿಂದಿನ ಅಂಚು ಶಾರ್ಟ್ಸ್‌ನ ಪಟ್ಟಿಯ ಮೇಲೆ ನಾಲ್ಕು ಬೆರಳಿನಷ್ಟು ಇಳಿದಿರಬೇಕು. ಎದ್ದಾಗ ಮುಂದಿನ ಅಂಚು ಸೀಟಿಗೆ ತಾಕಬಾರದು. ತಾಕಿದರೆ ಮುಂಭಾಗವನ್ನಷ್ಟೇ ಶಾರ್ಟ್ಸ್ ಒಳಗೆ ಸಿಕ್ಕಿಸಿ, ಹಿಂಭಾಗ ಹೊರಗೆ ಬಿಡಿ. ಹಿಂದೆ ಸಾಲದು ಅನ್ನಿಸಿದರೆ ಒಂದು ಅಳತೆ ದೊಡ್ಡದು ಕೊಳ್ಳಲು ಹೋಗಬೇಡಿ, ಅಗಲವೂ ಹೆಚ್ಚಿ ಇನ್ನಷ್ಟು ಪಟಪಟಿಸುತ್ತದೆ. ಭುಜಪಟ್ಟಿಯಿರುವ ಬಿಬ್ ಶಾರ್ಟ್ಸ್ ಹಾಕಿದರೆ ಸೊಂಟ ತಾನಾಗಿಯೇ ಮುಚ್ಚುತ್ತದೆ. ಅದರ ಪಜೀತಿ ಒಂದೇ: ಮೂತ್ರಕ್ಕೆ ಹೋಗಬೇಕಾದರೆ ಕೆಲವರಿಗೆ ಜೆರ್ಸಿ ಬಿಚ್ಚಲೇಬೇಕಾಗುತ್ತದೆ, ಜಿಪ್ ಇಲ್ಲದ ಜೆರ್ಸಿಯನ್ನು ಬಿಚ್ಚಲು ಮೊದಲು ಹೆಲ್ಮೆಟ್ ತೆಗೆಯಬೇಕು.

ಪಟಪಟಿಸುವುದು ಎಷ್ಟು ಮುಖ್ಯ ಅಂತೀರಾ? ಅದು ವೇಗದ ಮೇಲಿದೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 20 ಕಿ.ಮೀ.ಯಿಂದ 30ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಗಾಳಿಗೆ ತೆರುವ ಶಕ್ತಿ ಸುಮಾರು 3.4 ಪಟ್ಟು. 20ರ ಆಸುಪಾಸಿನಲ್ಲಿ ದೊಗಲೆ ತೋಳು ನಿಮಗೆ ಗೊತ್ತೇ ಆಗದು. ಗುಂಪಿನ ಜೊತೆ 30ರಲ್ಲಿ ಹೋಗುತ್ತಿದ್ದರೆ ಅದು ಪುಟ್ಟ ಛತ್ರಿ ಬಿಚ್ಚಿದ ಹಾಗೆ.

ಬೀರುವಿನಿಂದ ಯಾವುದನ್ನು ಆರಿಸಬೇಕು ಎನ್ನುವುದಕ್ಕೆ ನನ್ನ ಮೊದಲ ಸೂತ್ರ: ಬೆನ್ನು ಖಾಲಿ ಇರುವುದು. ಆಟಗಾರನ ಹೆಸರು, ನಂಬರು ಎಂದರೆ ಶಾಖದಲ್ಲಿ ಅಂಟಿಸಿದ ಪ್ಲಾಸ್ಟಿಕ್ ಹಾಳೆ. ಬೆವರು ಅತಿ ಹೆಚ್ಚು ಸುರಿಯುವ ಬೆನ್ನಿನ ನಡುಮಧ್ಯಕ್ಕೇ ಅದು ಮುಚ್ಚಳ ಹಾಕುತ್ತದೆ. ಅರ್ಧ ಗಂಟೆ ತುಳಿದ ಮೇಲೆ ಜೆರ್ಸಿ ಬಿಚ್ಚಿ ನೋಡಿ, ಸುತ್ತಲಿನ ಬಟ್ಟೆ ಒಣಗುತ್ತಾ ಬಂದಿದ್ದರೂ ನಂಬರಿನ ಹಿಂದೆ ಅದೇ ಆಕಾರದ ಒದ್ದೆ ಗುರುತು ಉಳಿದಿರುತ್ತದೆ. ಮೇಲೊಂದು ಬ್ಯಾಗ್ ಹೊತ್ತರಂತೂ ಉಜ್ಜಿ ಉಜ್ಜಿ ನಂಬರಿನ ಅಂಚೇ ಏಳುತ್ತದೆ. ಎದೆಯ ಮೇಲಿನ ಪ್ರಾಯೋಜಕರ ದೊಡ್ಡ ಅಕ್ಷರಗಳದ್ದೂ ಅದೇ ಕಥೆ, ಚಳಿಯಲ್ಲಿ ಮಾತ್ರ ಗಾಳಿ ತಡೆದು ಉಪಕಾರ ಮಾಡುತ್ತವೆ.

ಇನ್ನು ಲಾಂಛನ. ಅಭಿಮಾನಿಗಳಿಗೆ ಮಾರುವ ಜೆರ್ಸಿಯಲ್ಲಿ ಅದು ಸಾಮಾನ್ಯವಾಗಿ ಕಸೂತಿ, ಒಳಬದಿಯಲ್ಲಿ ಗಡಸು. ಎಡ ಎದೆಯ ಮೇಲೆ ಕೂತು ಮೊಲೆತೊಟ್ಟಿಗೆ ಉಜ್ಜುತ್ತದೆ. ಆಟಗಾರರ ಮಾದರಿಯಲ್ಲಿ ಶಾಖದಲ್ಲಿ ಅಂಟಿಸಿದ ತೆಳು ಲಾಂಛನವಿರುತ್ತದೆ, ಬಟ್ಟೆ ಹಗುರ, ಹೊಲಿಗೆ ಮೈಗೆ ಹತ್ತಿರ. ಸೈಕಲ್ಲಿಗೆ ಅದೇ ಮೇಲು, ಹೊಟ್ಟೆ ಒಪ್ಪಿದರೆ! ಕಸೂತಿಯದೇ ಇದ್ದರೆ ಒಳಗೆ ತೋಳಿಲ್ಲದ ತೆಳು ಪಾಲಿಯೆಸ್ಟರ್ ಜಾಲರಿ ಬನಿಯನ್ ಹಾಕಿ. ಹತ್ತಿ ಬನಿಯನ್ ಹಾಕಿದಿರೋ, ಜೆರ್ಸಿಯ ಗುಣವೆಲ್ಲ ವ್ಯರ್ಥ.

ಜೇಬಿಲ್ಲ ಎಂದು ಹಿಂದೆ ಜೇಬು ಹೊಲಿಸುವ ಯೋಚನೆ ಹಲವರಿಗೆ ಬರುತ್ತದೆ. ಬೇಡ ಎನ್ನುತ್ತೇನೆ. ಸೈಕ್ಲಿಂಗ್ ಜೆರ್ಸಿಯ ಜೇಬು ನಿಲ್ಲುವುದು ಬಟ್ಟೆ ಮೈಗೆ ಬಿಗಿಯಾಗಿ ಹಿಡಿದಿರುವುದರಿಂದ. ಸಡಿಲ ಜೆರ್ಸಿ ಭುಜದಿಂದ ತೂಗಾಡುತ್ತಿರುತ್ತದೆ. ಅದರ ಹಿಂದೆ 200 ಗ್ರಾಂ ಫೋನ್ ಇಟ್ಟರೆ ಜೇಬು ಪಕ್ಕೆಗೆ ಜೋಲುತ್ತದೆ, ದುಂಡು ಕಾಲರ್ ಹಿಂದಕ್ಕೆ ಎಳೆದು ಗಂಟಲನ್ನು ಒತ್ತುತ್ತದೆ. ಸೀಟಿನ ಕೆಳಗೊಂದು ಚಿಕ್ಕ ಬ್ಯಾಗ್ ಕಟ್ಟಿ: ಒಂದು ಟ್ಯೂಬ್, ಟೈರ್ ಕಳಚಲು ಎರಡು ಟೈರ್ ಲಿವರ್, ಬೋಲ್ಟ್ ತಿರುಗಿಸಲು ಅಲೆನ್ ಕೀ. ಫೋನಿಗೆ ಹ್ಯಾಂಡಲ್‌ನಿಂದ ಸೀಟಿನ ಕಡೆಗೆ ಬರುವ ಮೇಲ್ಕೊಳವೆಯ ಮೇಲೆ ಕೂರುವ ಪುಟ್ಟ ಬ್ಯಾಗ್.

ಹೊಲಿಗೆಯ ಖರ್ಚು ಮಾಡಲೇಬೇಕೆಂದಿದ್ದರೆ ಕೆಳಅಂಚಿಗೆ ಮಾಡಿಸಿ. ಸುಮಾರು 2.5 ಸೆಂ.ಮೀ. ಅಗಲದ, ಒಳಮೈಗೆ ಸಿಲಿಕೋನ್ ಗೆರೆಯಿರುವ ಎಲಾಸ್ಟಿಕ್ ತನ್ನಿ. ಅಂಚು ಕೂರುವ ಜಾಗದಲ್ಲಿ ನಿಮ್ಮ ಮೈಯ ಸುತ್ತಳತೆ ತೆಗೆದು ಅದಕ್ಕಿಂತ 4–5 ಸೆಂ.ಮೀ. ಕಡಿಮೆ ಕತ್ತರಿಸಿ. ಎಲಾಸ್ಟಿಕ್ಕನ್ನೂ ಜೆರ್ಸಿಯ ಅಂಚನ್ನೂ ನಾಲ್ಕು ಸಮಭಾಗಕ್ಕೆ ಗುರುತಿಸಿ ಪಿನ್ ಮಾಡಿ, ಎಲಾಸ್ಟಿಕ್ ಎಳೆದುಕೊಂಡು ಅಂಕುಡೊಂಕು ಹೊಲಿಗೆ ಹಾಕಿ. ನೇರ ಹೊಲಿಗೆ ಹಾಕಿದರೆ ತಲೆಯಿಂದ ತೂರಿಸುವಾಗಲೇ ದಾರ ಪಟಪಟನೆ ಹರಿಯುತ್ತದೆ. ಸೂಜಿ ದುಂಡುಮೊನೆಯ, 75/11 ಅಳತೆಯದು ಇರಲಿ. ಚೂಪುಮೊನೆಯದು ಹೆಣಿಗೆಯ ಎಳೆ ಕತ್ತರಿಸಿ ತೂತು ಓಡಿಸುತ್ತದೆ.

ಫುಟ್‌ಬಾಲ್ ಚಡ್ಡಿಯನ್ನು ಮಾತ್ರ ಒಂಟಿಯಾಗಿ ಹಾಕಬೇಡಿ. ನಾಲ್ಕು ಹೊಲಿಗೆ ಸೇರುವ ಗಂಟು ಸರಿಯಾಗಿ ಸೀಟಿನ ಮೇಲೇ ಬರುತ್ತದೆ. ಪ್ಯಾಡ್ ಇರುವ ಒಳಚಡ್ಡಿ ಹಾಕಿ ಅದರ ಮೇಲೆ ಹಾಕಿದರೆ ಸರಿ, ಪ್ಯಾಡಿನ ಕೆಳಗೆ ಮತ್ತೊಂದು ಒಳಉಡುಪು ಬೇಡ. ಮಂಡಿವರೆಗಿನ ಫುಟ್‌ಬಾಲ್ ಸಾಕ್ಸ್ ಚಳಿಗೆ ಚೆನ್ನ, ಸೆಖೆಗೆ ಶಿಕ್ಷೆ.

ಮೌಂಟನ್ ಬೈಕ್‌ನಲ್ಲಿ ಕಾಡುದಾರಿ ಸುತ್ತುವವರಾದರೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಡಿ, ಅಲ್ಲಿ ಸಡಿಲ ಜೆರ್ಸಿಯೇ ರೂಢಿ. ರಸ್ತೆಯಲ್ಲಿ ಹಗಲು ಗಾಢ ನೀಲಿ, ಕಪ್ಪಿಗಿಂತ ಗೋಲ್‌ಕೀಪರ್‌ಗಳ ಕಣ್ಣು ಕುಕ್ಕುವ ಹಸಿರು, ಹಳದಿ ಒಳ್ಳೆಯದು. ಆದರೆ ಆ ಬಣ್ಣ ಕತ್ತಲಲ್ಲಿ ಹೊಳೆಯುವುದಿಲ್ಲ, ದೀಪ ಬೇಕೇ ಬೇಕು.

ಒಗೆಯುವುದು: ಸವಾರಿ ಮುಗಿದ ದಿನವೇ, ಒಳಮಗ್ಗುಲು ಮಾಡಿ, 30 ಡಿಗ್ರಿ ನೀರಿನಲ್ಲಿ. ಬಟ್ಟೆ ಮೆದುಮಾಡುವ ಕಂಡಿಷನರ್ ಬೇಡ, ಅದು ಎಳೆಯ ಮೇಲೆ ಜಿಡ್ಡಿನ ಪದರ ಕಟ್ಟುತ್ತದೆ. ಹನಿ ಮುತ್ತಿನಂತೆ ನಿಲ್ಲುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಡ್ರೈಯರ್ ಬೇಡ, ನಂಬರಿನ ಮೇಲೆ ಇಸ್ತ್ರಿ ಬೇಡ. ಪಾಲಿಯೆಸ್ಟರ್ ಬೆವರಿನ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಒಗೆದರೂ ವಾಸನೆ ಬಂದರೆ ಒಂದು ಪಾಲು ಬಿಳಿ ವಿನೆಗರ್, ನಾಲ್ಕು ಪಾಲು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆಮೇಲೆ ಮಾಮೂಲಿನಂತೆ ಒಗೆದು ನೆರಳಲ್ಲಿ ಒಣಹಾಕಿ. ಒಣಗಿದ ಮೇಲೆ ಇನ್ನೊಮ್ಮೆ ನೀರಿನ ಹನಿ ಬಿಟ್ಟು ನೋಡಿ.