ಬೀಜ ಸತ್ತಿಲ್ಲ, ಮಣ್ಣು ನೀರು ಬಿಡುತ್ತಿಲ್ಲ

ಪ್ರಶ್ನೆ: ಸಿಂಧನೂರು ತಾಲ್ಲೂಕು, ಕಾಲುವೆಯ ಕೊನೆಯ ಹೊಲ. ನಾಟಿ ಬಿಟ್ಟು ಈ ಸಲ ಕೂರಿಗೆಯಲ್ಲಿ ಭತ್ತ ಬಿತ್ತಿದೆವು. ಅಲ್ಲಲ್ಲಿ ಹುಟ್ಟಲೇ ಇಲ್ಲ. ಹುಟ್ಟಿದ್ದೂ ಮೂರನೇ ವಾರಕ್ಕೆ ತುದಿ ಒಣಗಿ ಸತ್ತಿತು. ಬೀಜ ಕಳಪೆಯೇ? ಸವಳು (ಮಣ್ಣಿನಲ್ಲಿ ಸೇರಿದ ಉಪ್ಪು) ಹೋಗಲಾಡಿಸುವ ಔಷಧಿ ಎಂದು ಅಂಗಡಿಯಲ್ಲಿ ಒಂದು ಬಾಟಲಿ ಕೊಟ್ಟಿದ್ದಾರೆ, ಹಾಕಲೇ?

ಉತ್ತರ: ಈ ಪ್ರಶ್ನೆ ಪ್ರತಿ ಮುಂಗಾರಿನಲ್ಲೂ ಬರುತ್ತದೆ, ಬೈಗುಳ ಬೀಜದ ಮೇಲೇ ಬೀಳುತ್ತದೆ. ಉಳಿದ ಬೀಜದಲ್ಲಿ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಇನ್ನು ನೂರನ್ನು ಆ ಬೋಳು ಜಾಗದ ಮೇಲ್ಮಣ್ಣು ತುಂಬಿದ ಬುಟ್ಟಿಯಲ್ಲಿ ಬಿತ್ತಿ. ಬಟ್ಟೆಯಲ್ಲಿ ಮೊಳೆತು ಬುಟ್ಟಿಯಲ್ಲಿ ಮೊಳೆಯದಿದ್ದರೆ ತಪ್ಪು ಮಣ್ಣಿನದು.

ಮೊಳೆಯಲು ಬೀಜ ಮೊದಲು ನೀರು ಹೀರಬೇಕು. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಾದಷ್ಟೂ ಆ ನೀರು ಬೀಜಕ್ಕೆ ಸಿಗುವುದಿಲ್ಲ. ತೇವ ಕಣ್ಣಿಗೆ ಕಾಣುತ್ತದೆ, ಕಾಳು ಬಾಯಾರಿಯೇ ಇರುತ್ತದೆ. ಹೇಗೋ ಹೀರಿಕೊಂಡರೆ ಸೋಡಿಯಂ, ಕ್ಲೋರೈಡ್ ಒಳಹೊಕ್ಕು ಎಳೆ ಬೇರನ್ನು ಸುಡುತ್ತವೆ. ಭತ್ತ ಮೊಳಕೆಯ ಹಂತದಲ್ಲಿ ಸಾಕಷ್ಟು ಉಪ್ಪು ತಾಳುತ್ತದೆ, ಸೋಲುವುದು ಎರಡು ಮೂರು ಎಲೆಯ ಸಸಿಯಲ್ಲಿ. ನಿಮ್ಮ ಮೂರನೇ ವಾರದ ಸಾವು ಅದೇ.

ಹೋದ ವರ್ಷ ಇದೇ ಹೊಲ ಬೆಳೆಯಿತಲ್ಲ ಎನ್ನುತ್ತೀರಿ. ನಾಟಿಯಲ್ಲಿ ನಿಂತ ನೀರು ಉಪ್ಪನ್ನು ಕೆಳಕ್ಕೆ ತಳ್ಳಿತ್ತು, ಸಸಿಯೂ ಬಲಿತಿತ್ತು. ಒಣ ಬಿತ್ತನೆಯಲ್ಲಿ ಬಿಸಿಲು ಕೆಳಗಿನ ನೀರನ್ನು ಎಳೆಯುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ನೀವು ಕಾಳು ಇಟ್ಟ ಎರಡಿಂಚಿನಲ್ಲೇ ಕೂರುತ್ತದೆ. ಆದ್ದರಿಂದ ಅರ್ಧ ಅಡಿ ಮಣ್ಣು ಕಲಸಿ ಪರೀಕ್ಷೆಗೆ ಕೊಡಬೇಡಿ, ಮೇಲಿನ ಎರಡಿಂಚನ್ನು ಬೇರೆಯಾಗಿ ಕೊಡಿ. ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆದ ಇಸಿ (ಉಪ್ಪು ಎಷ್ಟಿದೆ ಎಂದು ತೋರಿಸುವ ಅಂಕಿ) 1 ದಾಟಿದರೆ ಮೊಳಕೆಗೆ ಅಪಾಯ. ಪುಸ್ತಕದಲ್ಲಿ ಸವಳಿನ ಮಿತಿ ಎಂದು ಕೊಟ್ಟಿರುವ 4 ಬೇರೆ ವಿಧಾನದಲ್ಲಿ ಅಳೆದ ಅಂಕಿ. ಅದನ್ನು ನೋಡಿ ನಿಶ್ಚಿಂತರಾದವರನ್ನು ನಾನು ಬಹಳ ಕಂಡಿದ್ದೇನೆ.

ಬಾಟಲಿ ಹಿಂತಿರುಗಿಸಿ. ಎಕರೆಗೆ ಒಂದು ಲೀಟರ್ ಯಾವ ದ್ರವವೂ ಟನ್‌ಗಟ್ಟಲೆ ಉಪ್ಪನ್ನು ಕರಗಿಸಿ ಮಾಯ ಮಾಡದು, ಇದನ್ನು ಮಾರುವವರು ರೈತರಿಗೆ ಮೋಸ ಮಾಡುತ್ತಿದ್ದಾರೆ. ಉಪ್ಪು ಹೋಗುವ ದಾರಿ ಒಂದೇ: ಸಿಹಿ ನೀರು ನಿಲ್ಲಿಸಿ ಬಸಿಗಾಲುವೆಗೆ ಹರಿಸುವುದು. ಬಸಿಗಾಲುವೆ ಹೂತಿದ್ದರೆ ನೆರೆಹೊರೆಯವರು ಕೂಡಿ ಮೊದಲು ಅದನ್ನು ತೆಗೆಯಿರಿ, ಇಲ್ಲವಾದರೆ ಇಳಿದ ಉಪ್ಪು ಬೇಸಿಗೆಗೆ ಮತ್ತೆ ಮೇಲೇರುತ್ತದೆ. ಈ ವರ್ಷ ಬೋಳು ಜಾಗಕ್ಕೆ ಮೂವತ್ತು ದಿನ ದಾಟಿದ ಸಸಿಯನ್ನು ಗುಣಿಗೆ ಮೂರು ನಾಲ್ಕರಂತೆ ನೆಡಿ. ಮುಂದಿನ ವರ್ಷ ಆ ತುಂಡಿನಲ್ಲಿ ಕೂರಿಗೆ ಬೇಡವೇ ಬೇಡ. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳಿನ ಮೇಲೆಯೇ ಕೆಲಸ ನಡೆಯುತ್ತದೆ. ತಳಿಯನ್ನು ಅಲ್ಲಿ ಕೇಳಿ, ಅಂಗಡಿಯಲ್ಲಲ್ಲ.

ಪ್ರಶ್ನೆ: ಬಿಳಿ ಸವಳಿಗೆ ಜಿಪ್ಸಂ? (ಕಾರಟಗಿ)
ಉತ್ತರ: ಬೇಡ. ಜಿಪ್ಸಂ ಕರಲು (ಸೋಡಿಯಂ ಹಿಡಿದ) ಮಣ್ಣಿಗೆ, ಅದೂ ಪರೀಕ್ಷೆ ಮಾಡಿಸಿ, ಹೇಳಿದಷ್ಟೇ.

ಪ್ರಶ್ನೆ: ಹತ್ತಿ ಉಪ್ಪು ತಾಳುತ್ತದಂತೆ, ಬೋದಿನ (ಸಾಲುಗಳ ನಡುವಿನ ಏರಿನ) ನೆತ್ತಿಯ ಮೇಲೆ ಊರಲೇ? (ಸಿರುಗುಪ್ಪ)
ಉತ್ತರ: ಬೆಳೆದ ಹತ್ತಿ ತಾಳುತ್ತದೆ, ಮೊಳೆಯುವ ಹತ್ತಿ ತಾಳದು. ಉಪ್ಪು ಸೇರುವುದು ನೆತ್ತಿಯಲ್ಲೇ. ಪಕ್ಕದ ಇಳಿಜಾರಿನಲ್ಲಿ ಊರಿ.

ಪ್ರಶ್ನೆ: ಮೊಳಕೆ ಚುರುಕಾಗಲು ಬೀಜದ ಜೊತೆಗೇ ಪೊಟ್ಯಾಷ್ ಹಾಕಬಹುದೇ? (ಮಾನ್ವಿ)
ಉತ್ತರ: ಅದೂ ಉಪ್ಪೇ. ಬೀಜಕ್ಕೆ ತಾಗಿಸಬೇಡಿ.