ಆಸ್ಪತ್ರೆ ವ್ಯವಸ್ಥೆ ಕೆಟ್ಟರೆ ಮಂತ್ರಿ ರಾಜೀನಾಮೆ ಸಾಕಾ?

ಪ್ರಶ್ನೆ: ಸರ್, ಒಂದು ಪ್ರಾಂತ್ಯದಲ್ಲಿ ಸರ್ಕಾರಿ ಆರೋಗ್ಯ ಸೇವೆ ಹದಗೆಟ್ಟಾಗ ಅಲ್ಲಿನ ಸರ್ಕಾರ ‘ಕೇಂದ್ರ ದುಡ್ಡು ಕೊಡ್ಲಿಲ್ಲ’ ಅನ್ನುತ್ತೆ. ಕೇಂದ್ರ ‘ಅದು ಅವರ ವಿಷಯ’ ಅನ್ನುತ್ತೆ. ಕೊನೆಗೆ ಯಾರೋ ಅಧಿಕಾರಿ ಸಸ್ಪೆಂಡ್ ಆಗ್ತಾರೆ. ಗಲಾಟೆ ಜಾಸ್ತಿ ಆದ್ರೆ ಮಂತ್ರಿ ರಾಜೀನಾಮೆ. ನಿಜಕ್ಕೂ ಯಾರನ್ನು ಹೊಣೆ ಮಾಡಬೇಕು?

ಉತ್ತರ: ನೇಮಕಾತಿ ಫೈಲಿಗೂ ದುಡ್ಡಿನ ಫೈಲಿಗೂ ಯಾರ ಸಹಿ ಬೇಕೋ ಅವರನ್ನು ಮೊದಲು ಹಿಡಿಯಿರಿ. ಸಸ್ಪೆಂಡ್ ಆದ ಅಧಿಕಾರಿಗೆ ಒಬ್ಬ ನರ್ಸನ್ನು ನೇಮಿಸುವ ಅಧಿಕಾರವೂ ಎಷ್ಟೋ ಸಲ ಇರುವುದಿಲ್ಲ.

ರಾಜೀನಾಮೆಯ ಬಗ್ಗೆ ನನಗೆ ಅಷ್ಟೇನೂ ಭರವಸೆ ಇಲ್ಲ. ಸ್ಪೇನಿನ ಆಂಡಲೂಸಿಯಾವನ್ನೇ ನೋಡಿ. ಅಲ್ಲಿ ಆಸ್ಪತ್ರೆಗಳನ್ನು ನಡೆಸುವುದು ಪ್ರಾಂತೀಯ ಸರ್ಕಾರ. ಸ್ತನ ಕ್ಯಾನ್ಸರ್ ತಪಾಸಣೆಯಲ್ಲಿ ಅನುಮಾನದ ಫಲಿತಾಂಶ ಬಂದ ಸುಮಾರು 2,000 ಮಹಿಳೆಯರಿಗೆ ಆ ವಿಷಯ ಸರಿಯಾಗಿ ತಿಳಿಸಿರಲಿಲ್ಲ, ಮುಂದಿನ ಪರೀಕ್ಷೆಯೂ ತಡವಾಯಿತು. ಸುಮ್ನೆ ಆತಂಕ ಹುಟ್ಟಿಸಬಾರದು ಅಂತ ಹೇಳಲಿಲ್ಲ ಎಂಬ ಸಮಜಾಯಿಷಿ ಬೇರೆ! ಸಂತ್ರಸ್ತ ಮಹಿಳೆಯರು ದನಿ ಎತ್ತಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಪ್ರಾಂತ್ಯದ ಆರೋಗ್ಯ ಸಚಿವೆ ರೊಸಿಯೊ ಹೆರ್ನಾಂಡೆಸ್ ರಾಜೀನಾಮೆ ಕೊಟ್ಟರು. ಸರಿ. ಆದರೆ ತಿಳಿಸುವುದು ಬೇಡ ಅಂತ ತೀರ್ಮಾನಿಸಿದ್ದು ಯಾರು? ತಪ್ಪಾಗುತ್ತಿದೆ ಅಂತ ಮೇಲಿನವರಿಗೆ ಗೊತ್ತಾಗಿದ್ದು ಯಾವಾಗ? ಒಬ್ಬರು ಕುರ್ಚಿ ಬಿಟ್ಟ ಮಾತ್ರಕ್ಕೆ ಇವಕ್ಕೆ ಉತ್ತರ ಸಿಗುವುದಿಲ್ಲ. ಹೊಸದಾಗಿ ಬಂದವರಿಗೆ ‘ಅದು ಹಿಂದಿನವರ ಕಾಲದ್ದು’ ಅನ್ನೋದು ಎಷ್ಟು ಸುಲಭ ಅಲ್ವಾ?

ಹಾಗಾದರೆ ಕೇಂದ್ರವೇ ವಹಿಸಿಕೊಂಡರೆ? ಇಟಲಿಯ ಕಲಾಬ್ರಿಯಾದಲ್ಲಿ ಆ ಪ್ರಯೋಗವೂ ಆಗಿದೆ. ಸಾಲದಲ್ಲಿ ಮುಳುಗಿದ್ದ ಅಲ್ಲಿನ ಆರೋಗ್ಯ ಇಲಾಖೆಯನ್ನು ರೋಮ್ ನೇಮಿಸಿದ ಕಮಿಷನರ್‌ಗಳು ವರ್ಷಗಟ್ಟಲೆ ನಡೆಸಿದರು. 2020ರ ನವೆಂಬರ್‌ನಲ್ಲಿ ಟಿವಿಯವರು ಕೋವಿಡ್ ಯೋಜನೆಯ ಬಗ್ಗೆ ಕೇಳಿದಾಗ, ಅದನ್ನು ಮಾಡಬೇಕಾದವರು ತಾವೇ ಅನ್ನುವುದು ಕಮಿಷನರ್ ಸವೇರಿಯೊ ಕೊತ್ತಿಚೆಲ್ಲಿ ಅವರಿಗೆ ಕ್ಯಾಮೆರಾ ಮುಂದೆಯೇ ಗೊತ್ತಾಯಿತು! ಅವರೂ ಹೋದರು. ಅವರನ್ನು ಕಲಾಬ್ರಿಯಾದ ಜನ ಆರಿಸಿರಲಿಲ್ಲ, ಹಾಗಾಗಿ ಮತ ಹಾಕಿ ಇಳಿಸುವ ದಾರಿಯೂ ಜನರಿಗಿರಲಿಲ್ಲ.

ನನಗೆ ಹೆಚ್ಚು ಉಪಯುಕ್ತ ಅನ್ನಿಸುವುದು ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯ ಕಥೆ. 2005ರಿಂದ 2009ರವರೆಗೆ ಅಲ್ಲಿ ರೋಗಿಗಳ ಆರೈಕೆ ಭಯಂಕರವಾಗಿ ಕೆಟ್ಟಿತ್ತು. ಆಡಳಿತ ಮಂಡಳಿಯ ಗಮನವೆಲ್ಲ ಖರ್ಚು ಉಳಿಸಿ ‘ಫೌಂಡೇಶನ್ ಟ್ರಸ್ಟ್’ ಎಂಬ ಸ್ವಾಯತ್ತ ದರ್ಜೆ ಪಡೆಯುವುದರ ಮೇಲಿತ್ತು. ಸಿಬ್ಬಂದಿ ಕಡಿಮೆ ಮಾಡಿದರು. 2008ರಲ್ಲಿ ದರ್ಜೆ ಸಿಕ್ಕೂ ಬಿಟ್ಟಿತು! ರೋಗಿಗಳ ಮನೆಯವರು ಪಟ್ಟುಬಿಡದೆ ಕೇಳಿದ್ದರಿಂದ ರಾಬರ್ಟ್ ಫ್ರಾನ್ಸಿಸ್ ಅವರ ಬಹಿರಂಗ ವಿಚಾರಣೆ ನಡೆಯಿತು. ಅದು ಆಸ್ಪತ್ರೆಯ ಗೇಟಿಗೇ ನಿಲ್ಲಲಿಲ್ಲ. ಮೇಲಿನ ಉಸ್ತುವಾರಿ ಸಂಸ್ಥೆಗಳು, ಆರೋಗ್ಯ ಇಲಾಖೆ, ಎಲ್ಲವನ್ನೂ ಜಾಲಾಡಿತು. 2013ರ ವರದಿಯಲ್ಲಿ 290 ಶಿಫಾರಸುಗಳಿದ್ದವು. ಗಂಭೀರ ಹಾನಿಯಾದರೆ ರೋಗಿಗೆ ಮುಚ್ಚುಮರೆ ಇಲ್ಲದೆ ಹೇಳಲೇಬೇಕು ಎಂಬ ಕಾನೂನು ಮರುವರ್ಷ ಬಂತು. ತಡವಾಯಿತು, ನಿಜ. ಆದರೂ ಒಂದು ರಾಜೀನಾಮೆಗಿಂತ ಇದರಿಂದ ಜಾಸ್ತಿ ಕೆಲಸವಾಯಿತು.

‘ದುಡ್ಡಿಲ್ಲ’ ಅನ್ನುವ ಮಾತಿಗೆ ನಮ್ಮ ದೇಶದಲ್ಲಿ ಉತ್ತರ ಸಿಕ್ಕು ಬಹಳ ಕಾಲವಾಯಿತು. ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಗಿದ್ದ ಒಬ್ಬರನ್ನು ಕೋಲ್ಕತ್ತದ ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ವಾಪಸ್ ಕಳಿಸಿದ ಪ್ರಕರಣದಲ್ಲಿ, 1996ರಲ್ಲಿ ಸುಪ್ರೀಂ ಕೋರ್ಟ್ 25,000 ರೂಪಾಯಿ ಪರಿಹಾರ ಕೊಡಿಸಿತು. ತುರ್ತು ಚಿಕಿತ್ಸೆ ಕೊಡದಿರುವುದಕ್ಕೆ ಹಣದ ಕೊರತೆಯ ನೆಪ ಹೇಳುವಂತಿಲ್ಲ ಎಂದಿತು. ರಾಜ್ಯಗಳ ಕೈಲಿರುವ ವಿಷಯಗಳನ್ನು ಹೇಳುವ ಸಂವಿಧಾನದ ರಾಜ್ಯಪಟ್ಟಿಯಲ್ಲೂ ‘ಸಾರ್ವಜನಿಕ ಆರೋಗ್ಯ, ಆಸ್ಪತ್ರೆ’ ಅಂತ ಸ್ಪಷ್ಟವಾಗಿದೆ. ಕೇಂದ್ರದ ಅನುದಾನ ಬರದಿದ್ದರೆ ಆ ಲೆಕ್ಕವನ್ನು ದೆಹಲಿಯವರನ್ನು ಕೇಳಿ. ಮಂಜೂರಾದ ಹುದ್ದೆ ಖಾಲಿ ಬಿದ್ದಿದ್ದರೆ ರಾಜ್ಯದ ಮಂತ್ರಿಯನ್ನೇ ಕೇಳಬೇಕು.

ಬಂದ ದುಡ್ಡು ಎಷ್ಟು ಖರ್ಚಾಗಿಲ್ಲ, ಎಷ್ಟು ಹುದ್ದೆ ಖಾಲಿ ಇವೆ ಅನ್ನುವ ವಿವರ ಎಷ್ಟೋ ಸಲ ಸದನದಲ್ಲಿ ಮಂಡಿಸುವ ಸಿಎಜಿ (ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡುವ ಸಂಸ್ಥೆ) ವರದಿಯಲ್ಲೇ ಇರುತ್ತದೆ. ಆ ಪುಟ ಹಿಡಿದು, ಸದನದಲ್ಲಿ ಪ್ರಶ್ನೆ ಹಾಕಿ ಅಂತ ನಿಮ್ಮ ಶಾಸಕರಿಗೆ ಹೇಳಿ. ಆಗ ಮಂತ್ರಿ ಲಿಖಿತ ಉತ್ತರ ಕೊಡಬೇಕಾಗುತ್ತದೆ. ಮುಂದೆ ಮಂತ್ರಿ ಬದಲಾದರೂ ಆ ಉತ್ತರ ಕಡತದಲ್ಲಿ ಉಳಿಯುತ್ತದೆ.