ಜಪಾನಿನ ಮಕ್ಕಳಿಗೆ ಹಬ್ಬದ ಕ್ವಿಜ್ ಮಾಡುವುದಾದರೆ ಅವರ ಹಬ್ಬದಿಂದಲೇ ಶುರು ಮಾಡಿ

ನಮಸ್ಕಾರ. ಜಪಾನಿನ ಮಿಡಲ್ ಸ್ಕೂಲಿಗೆ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಿ ಹೋಗುತ್ತಿದ್ದೀರಿ, ಕ್ರಿಸ್‌ಮಸ್, ಹ್ಯಾಲೋವೀನ್ ಅಂತ ಹಬ್ಬದ ಕ್ವಿಜ್ ಆಡಿಸಿದರೆ ಮಕ್ಕಳು ಬಾಯಿ ಬಿಡ್ತಾರಾ ಅಂತ ಕೇಳಿದ್ದೀರಿ. ಬಿಡುತ್ತಾರೆ. ಆದರೆ ಯಾರ ಹಬ್ಬದ ಬಗ್ಗೆ ಕೇಳುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ನಾನು ಮೈಸೂರಿನವಳು. ಉತ್ತರ ಜಪಾನಿನ ತೊಹೊಕು ಕಡೆ ಒಂದು ಸಣ್ಣ ಊರಿನಲ್ಲಿ ಮೂರು ವರ್ಷ ಕಲಿಸಿದೆ. ಮೊದಲ ವರ್ಷ ನವೆಂಬರಿನಲ್ಲಿ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಬಗ್ಗೆ ಕ್ವಿಜ್ ಮಾಡಿದೆ. ರಾತ್ರಿಯೆಲ್ಲ ಕೂತು ಚಿತ್ರ ಕತ್ತರಿಸಿದ್ದೆ. ತರಗತಿಯಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಆಮೇಲೆ ಯೋಚಿಸಿದರೆ, ಅದು ಇಂಗ್ಲಿಷ್ ಪ್ರಶ್ನೆಯೇ ಆಗಿರಲಿಲ್ಲ, ಸಾಮಾನ್ಯ ಜ್ಞಾನದ ಪ್ರಶ್ನೆ ಆಗಿತ್ತು. ಆ ಹಬ್ಬದ ಊಟದ ಟರ್ಕಿ ಕೋಳಿಯನ್ನು ಆ ಮಕ್ಕಳೂ ತಿಂದಿಲ್ಲ, ನಾನೂ ತಿಂದಿಲ್ಲ. ಉತ್ತರವೂ ಗೊತ್ತಿಲ್ಲ, ಭಾಷೆಯೂ ಬರಲ್ಲ ಅಂದರೆ ಪಾಪ ಅವರು ಏನು ಮಾಡಬೇಕು?

ಫೆಬ್ರವರಿ ಬಂತು. ಅಲ್ಲಿ 3ನೇ ತಾರೀಕಿನ ಹೊತ್ತಿಗೆ ಸೆತ್ಸುಬುನ್ ಅಂತ ಹಬ್ಬ. 'ಓನಿ ವಾ ಸೊತೊ, ಫುಕು ವಾ ಉಚಿ' ಅಂತ ಕೂಗುತ್ತಾ ಹುರಿದ ಸೋಯಾ ಕಾಳು ಎರಚುತ್ತಾರೆ. ದೆವ್ವ ಹೊರಗೆ ಹೋಗಲಿ, ಒಳ್ಳೆಯದು ಒಳಗೆ ಬರಲಿ ಅಂತ. ಆಮೇಲೆ ತಮ್ಮ ವಯಸ್ಸು ಎಷ್ಟೋ ಅಷ್ಟು ಕಾಳು ತಿನ್ನಬೇಕು. ನಾನು ಬೋರ್ಡಿನ ಮೇಲೆ ಒಂದೇ ಪ್ರಶ್ನೆ ಬರೆದೆ: ಹೌ ಮೆನಿ ಬೀನ್ಸ್ ಡು ಯು ಈಟ್? ಒಂದು ಗುಂಪು 'ಥರ್ಟೀನ್' ಅಂತ ಬರೆದು ತೋರಿಸಿತು. ಪಕ್ಕದ ಗುಂಪಿನವರು 'ನೋ, ಫೋರ್ಟೀನ್, ಪ್ಲಸ್ ಒನ್' ಅಂದರು. ಕೆಲವು ಮನೆಗಳಲ್ಲಿ ವಯಸ್ಸಿಗೆ ಒಂದು ಸೇರಿಸಿ ತಿನ್ನುವುದು ರೂಢಿ. ಅಷ್ಟರಲ್ಲಿ ಕಿಟಕಿ ಪಕ್ಕದ ಹುಡುಗಿ, ವರ್ಷವಿಡೀ ನನ್ನ ಹತ್ತಿರ ಒಂದು ಮಾತೂ ಆಡದವಳು, ಎದ್ದು ನಿಂತು 'ನಾಟ್ ಬೀನ್ಸ್! ಪೀನಟ್ಸ್!' ಅಂದಳು. ಆ ಕಡೆ, ಇನ್ನೂ ಉತ್ತರದ ಹೊಕ್ಕೈದೊ ದ್ವೀಪದಲ್ಲೂ ಅಷ್ಟೇ, ಸೋಯಾ ಬದಲು ಸಿಪ್ಪೆ ಸಮೇತ ಕಡಲೆಕಾಯಿ ಎಸೆಯುತ್ತಾರೆ. ಒಸಾಕಾದಿಂದ ಬಂದಿದ್ದ ನಮ್ಮ ಜಪಾನಿ ಶಿಕ್ಷಕರಿಗೇ ಆಶ್ಚರ್ಯ. 'ವೈ ಪೀನಟ್ಸ್?' ಅಂತ ಅವರು ಕೇಳಿದ್ದು ನಿಜವಾಗಿ ತಿಳಿಯಬೇಕು ಅಂತಲೇ. ಹುಡುಗಿ ಸ್ವಲ್ಪ ಹೊತ್ತು ಪದ ಹುಡುಕಿ 'ಸ್ನೋ. ಈಸಿ ಫೈಂಡ್' ಅಂದಳು. ಹಿಮದಲ್ಲಿ ಬಿದ್ದರೂ ಹುಡುಕುವುದು ಸುಲಭ, ಅಷ್ಟೇ. ವ್ಯಾಕರಣ ತಪ್ಪು. ಆದರೆ ಆ ದಿನ ಅವಳು ಇಂಗ್ಲಿಷಿನಲ್ಲಿ ಒಂದು ಕಾರಣ ಹೇಳಿದಳು, ಕೇಳಿದವರಿಗೆ ಅದು ಬೇಕಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಮನಸ್ಸು ತುಂಬುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ: ಅವರಿಗೆ ಗೊತ್ತಿರುವುದನ್ನು, ನಿಮಗೆ ಗೊತ್ತಿಲ್ಲದ್ದನ್ನು ಕೇಳಿ. ಮನೆಮನೆಗೂ ಉತ್ತರ ಬೇರೆಯಾದರೆ ಇನ್ನೂ ಒಳ್ಳೆಯದು. ಹೊಸ ವರ್ಷದ ಓಜೋನಿ ಸಾರಿನಲ್ಲಿ ಮೋಚಿ, ಅಂದರೆ ಅಂಟು ಅಕ್ಕಿಯ ಕಡುಬು, ದುಂಡಗಿರುತ್ತದಾ ಚೌಕವಾ ಅಂತ ಕೇಳಿ ನೋಡಿ. ಪಶ್ಚಿಮದವರು ದುಂಡಗೆ, ಪೂರ್ವದವರು ಚೌಕ ಅನ್ನುತ್ತಾರೆ, ಅಪ್ಪ ಅಮ್ಮ ಬೇರೆ ಬೇರೆ ಕಡೆಯವರಾದರೆ ಮನೆಯಲ್ಲೇ ಜಗಳ.

ಕ್ರಿಸ್‌ಮಸ್ ಬಿಡಬೇಡಿ, ಆದರೆ ಜಪಾನಿನ ಕ್ರಿಸ್‌ಮಸ್ ಕೇಳಿ. ಡಿಸೆಂಬರ್ 25 ಅಲ್ಲಿ ಸರ್ಕಾರಿ ರಜೆಯಲ್ಲ. ಸ್ಟ್ರಾಬೆರಿ ಕೇಕು, ಫ್ರೈಡ್ ಚಿಕನ್ನು, ಅದೇ ಹಬ್ಬ. ವ್ಯಾಲೆಂಟೈನ್ ದಿನ ಹುಡುಗಿಯರು ಚಾಕೊಲೇಟ್ ಕೊಡುತ್ತಾರೆ, ಹುಡುಗರು ಮಾರ್ಚ್ 14ರ ವೈಟ್ ಡೇಗೆ ತಿರುಗಿ ಕೊಡುತ್ತಾರೆ. 'ಹೂ ಗಿವ್ಸ್ ಚಾಕೊಲೇಟ್ ಟು ಹೂಮ್' ಅಂದರೆ ಸಾಕು, ಇಡೀ ಕ್ಲಾಸು ಕೆಂಪಾಗುತ್ತದೆ.

ಆಡಿಸುವ ರೀತಿಯ ಬಗ್ಗೆ ಸ್ವಲ್ಪ. ಒಬ್ಬರನ್ನೇ ಎಬ್ಬಿಸಿ ನಿಲ್ಲಿಸಬೇಡಿ. ಮಕ್ಕಳು ಸುಮ್ಮನಿರುವುದು ಗೊತ್ತಿಲ್ಲ ಅಂತ ಅಲ್ಲ, ಎಲ್ಲರ ಮುಂದೆ ತಪ್ಪು ಹೇಳಿಬಿಟ್ಟರೆ ಅನ್ನುವ ಭಯ ಜಾಸ್ತಿ. ಕ್ಲಾಸಿನಲ್ಲಿ 'ಹಾನ್' ಅಂತ ಗುಂಪುಗಳು ಮೊದಲೇ ಇರುತ್ತವೆ, ಅದನ್ನೇ ಬಳಸಿ. 100 ಯೆನ್ ಅಂಗಡಿಯಿಂದ ಸಣ್ಣ ವೈಟ್‌ಬೋರ್ಡ್ ತಂದು ಗುಂಪಿಗೊಂದು ಕೊಡಿ, ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಅರ್ಧ ನಿಮಿಷ ಬಿಡಿ. ಬರೀ ಪದಕ್ಕೆ ಒಂದು ಅಂಕ, ಪೂರ್ತಿ ವಾಕ್ಯಕ್ಕೆ ಮೂರು. ಸಮ ಬಂದರೆ ಜಾಂಕೆನ್, ಅಂದರೆ ಕಲ್ಲು-ಕತ್ತರಿ-ಕಾಗದ. 50 ನಿಮಿಷದ ಪೀರಿಯಡ್‌ನಲ್ಲಿ 15-20 ನಿಮಿಷ ಸಾಕು. ಇನ್ನೊಂದು ಮುಖ್ಯ: ಸರಿ ಉತ್ತರಕ್ಕೆ ನಮ್ಮ ಹಾಗೆ ಟಿಕ್ ಹಾಕಬೇಡಿ. ಅಲ್ಲಿ ಸರಿ ಅಂದರೆ ವೃತ್ತ, ಟಿಕ್ ನೋಡಿದರೆ ತಪ್ಪು ಅಂದುಕೊಳ್ಳುತ್ತಾರೆ. ನಾನು ಟಿಕ್ ಹಾಕಿದ ಹುಡುಗನೊಬ್ಬ ಸಪ್ಪೆ ಮುಖ ಮಾಡಿಕೊಂಡು ಎಲ್ಲ ಅಳಿಸಿಬಿಟ್ಟಿದ್ದ.

ಮಾರ್ಚ್ 3ಕ್ಕೆ ಹಿನಾಮತ್ಸುರಿ ಬರುತ್ತದೆ, ಹೆಣ್ಣುಮಕ್ಕಳ ಹಬ್ಬ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ಗೊಂಬೆ ಜೋಡಿಸುತ್ತಾರೆ, ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿ. ಪೂರ್ತಿ ಸೆಟ್ಟಿನಲ್ಲಿ 7 ಮೆಟ್ಟಿಲು, 15 ಗೊಂಬೆ. ನಮ್ಮ ಮನೆಯ ದಸರಾ ಗೊಂಬೆಗಳ ಫೋಟೋ ತೋರಿಸಿದೆ, ಪಟ್ಟದ ಗೊಂಬೆ ಮೇಲೆ ಕೂತಿರುವುದು. 'ಹಿನಾ!' ಅಂತ ತಮ್ಮ ಗೊಂಬೆಯ ಹೆಸರು ಕೂಗಿದರು. ಆ ದಿನ ಕ್ವಿಜ್ ತಿರುವುಮುರುವಾಯಿತು, ಪ್ರಶ್ನೆ ಅವರದು, ಉತ್ತರ ನನ್ನದು. ಹಬ್ಬ ಮುಗಿದ ಮೇಲೂ ಗೊಂಬೆ ತೆಗೆದಿಡದಿದ್ದರೆ ಮಗಳ ಮದುವೆ ತಡವಾಗುತ್ತದೆ ಅಂತ ಅಲ್ಲಿ ನಂಬಿಕೆ, ಅದಕ್ಕೇ ಮೊದಲ ಪ್ರಶ್ನೆ ಬಂದಿದ್ದು ನಮ್ಮ ಗೊಂಬೆಗಳನ್ನು ಯಾವಾಗ ಎತ್ತಿಡುತ್ತೀರಿ ಅಂತ.

ಹೊರಡುವ ಮುಂಚೆ ನಿಮ್ಮ ಮನೆ ಹಬ್ಬದ ನಾಲ್ಕು ಫೋಟೋ ಫೋನಿಗೆ ಹಾಕಿಕೊಳ್ಳಿ. ಅಡುಗೆಮನೆಯದೂ ಒಂದಿರಲಿ, ಏನು ತಿನ್ನುತ್ತೀರಿ ಅಂತ ಖಂಡಿತ ಕೇಳುತ್ತಾರೆ.